ಇಡ್ಲಿ ತಟ್ಟೆಯೊಳಗಿನ ಮಾವಿನಹಣ್ಣು

ಹಾನಗಲ್ಲಿನ ನನ್ನ ಸೋದರಮಾವನ ಫ್ರಿಜ್ಜಿನಲ್ಲಿ ಹಾಲೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ! ಹಾಲಿಗೆ ಜಾಗವಿದ್ದರೆ ತಾನೇ? ಬೇಸಿಗೆ ರಜೆ ಬಂತೆಂದರೆ ಹಣ್ಣುಗಳನ್ನು ಕಲ್ಲಾಗಿಸುವುದೇ ಅವನ ಉದ್ಯೋಗ.

ಇದಕ್ಕೆಲ್ಲ ಮೂಲ ನನ್ನ ಮಗಳು. ಒಮ್ಮೆ ಅಂಗಡಿಯ ಐಸ್ ಕ್ಯಾಂಡಿ ತಿಂದು ಕೆಂಪು ನಾಲಿಗೆ ಚಾಚಿ ನಿಂತಿದ್ದಳು. ಮಾವ ಹೌಹಾರಿದ.

"ಸೀರಿಗೆ ಹಾಕೋ ಬಣ್ಣ ನೆಕ್ಕ್ಯಾಳಲ್ಲೋ ಹುಡುಗಿ! ನಾಳಿಂದ ಐಸ್ ನಮ್ಮನ್ಯಾಗ. ಸಕ್ಕರಿ ಇಲ್ಲ, ಬಣ್ಣ ಇಲ್ಲ, ಬರೇ ಹಣ್ಣು!"

ಅಚ್ಚು? ಅತ್ತೆಯ ಇಡ್ಲಿ ತಟ್ಟೆ ಇತ್ತಲ್ಲ! ಮಾವಿನ ರಸಕ್ಕೆ ಗಟ್ಟಿ ಮೊಸರು ಕಲಸಿ, ಗುಳಿಗಳಿಗೆ ಸುರಿದು, ಫ್ರೀಜರಿಗೆ ತಳ್ಳಿದ. ಮರುದಿನ ಮುಂಜಾನೆ ಸವಣೂರಿನಿಂದ ಅವನ ವೀಳ್ಯದೆಲೆ ವ್ಯಾಪಾರದ ಗೆಳೆಯ ಬಂದ. ಮಾವ ಹೆಮ್ಮೆಯಿಂದ ಎರಡನ್ನು ತೆಗೆದು ಅವನ ಮುಂದಿಟ್ಟ. ಪಾಪ, ಆತ ಅದರ ಮೇಲೆ, ಅತ್ತೆ ದೋಸೆಗೆಂದು ತಂದಿಟ್ಟಿದ್ದ ಚಟ್ನಿಯನ್ನು ಸುರಿದುಕೊಂಡ!

"ಹೆಂಗದಾವು?" ಎಂದ ಮಾವ.

"ಛಲೋ ಅದಾವು. ಆದ್ರ ಭಾಬಿ, ಒಲಿ ಮ್ಯಾಲ ಇಡೋದು ಮರ್ತೀರೇನ್ರಿ?"

ಆರೋಗ್ಯದ ಹುಮ್ಮಸ್ಸು ಅಲ್ಲಿಗೇ ನಿಂತೀತೇ? ಇನ್ನೊಂದು ದಿನ ಕಲ್ಲಂಗಡಿ ರಸಕ್ಕೆ ಹಾಗಲಕಾಯಿ ಸೇರಿಸಿದ. ಮಕ್ಕಳು ಹಿತ್ತಲಿಗೆ ಓಡಿದರು. ಚಪ್ಪಲಿಯನ್ನೂ ಬಿಡದ ಪಕ್ಕದ ಮನೆಯ ಆಡು ಕೂಡ ಅದನ್ನು ಮೂಸಿ, ಮಾವನಿಗೆ ಬೆನ್ನು ತಿರುಗಿಸಿತು!

"ಅದಕ್ಕೇನ ತಿಳೀತೈತಿ?" ಎಂದು ಮಾವ ತಾನೇ ಎರಡು ತಿಂದ. ಸಂಜೆಯವರೆಗೂ ಮಾತಾಡಲಿಲ್ಲ.

ಈ ವರ್ಷ ರಜೆಗೆ ಹೋದಾಗ ಮಾತಾಡದವಳು ಅತ್ತೆ. ಗಂಟಲಿನ ಕಾಯಿಲೆಗೆ ಹುಬ್ಬಳ್ಳಿಯಲ್ಲಿ ರೇಡಿಯೇಶನ್ ಮುಗಿಸಿ ಬಂದಿದ್ದಳು. ಇನ್ನು ಹೆದರಿಕೆಯಿಲ್ಲ ಎಂದಿದ್ದರು ಡಾಕ್ಟರು. ಆದರೆ ಬಾಯಿತುಂಬ ಹುಣ್ಣು, ಗಂಜಿಯೂ ಇಳಿಯದು. ತಣ್ಣಗಿನದನ್ನು ಕೊಡಬಹುದು ಎಂದಿದ್ದರಂತೆ. ಮಾವ ಏನು ತಂದರೂ ಅತ್ತೆ ಕೈಯಾಡಿಸಿ ಬೇಡವೆನ್ನುತ್ತಿದ್ದಳು.

ಅಂದು ಮಧ್ಯಾಹ್ನ ಚಿಕ್ಕು ಹಣ್ಣನ್ನು ಹಾಲಿನಲ್ಲಿ ಅರೆದು ಹೆಪ್ಪುಗಟ್ಟಿಸಿದ್ದ. ಬಟ್ಟಲನ್ನೇ ತಂದು, ಚಮಚೆಯ ತುದಿಯಷ್ಟು ಕೆರೆದು, "ಇದೊಂದ ನೋಡು" ಎಂದು ಅವಳ ನಾಲಿಗೆಯ ಮೇಲಿಟ್ಟ. ಕರಗಿತು. ಇಳಿಯಿತು.

ಎಷ್ಟೋ ದಿನಗಳ ಮೇಲೆ ಅತ್ತೆಯ ಒಡಕು ದನಿ ಹೊರಟಿತು.

"ಏಲಕ್ಕಿ ಭಾಳ ಆತ್ರಿ."

ಮಾವ ಚಮಚೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಇನ್ನೊಂಚೂರ ಕೊಡ್ರಿ," ಎಂದಳು.

"ತರ್ತೇನಿ, ತರ್ತೇನಿ" ಎನ್ನುತ್ತ ಒಳಗೆ ಹೋದವನು ಬರಲೇ ಇಲ್ಲ. ಇಣುಕಿ ನೋಡಿದೆ. ಫ್ರಿಜ್ಜಿನ ಬಾಗಿಲು ತೆರೆದು, ಮುಖವನ್ನು ಅದರೊಳಗಿಟ್ಟು, ಏನೋ ಹುಡುಕುವವನಂತೆ ನಿಂತಿದ್ದ. ಚಿಕ್ಕುವಿನ ಬಟ್ಟಲು ಅವನ ಕೈಯಲ್ಲೇ ಇತ್ತು.