ಮಾವನ ಹದಿನೇಳನೇ ಪಾಠ

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ! ಒಮ್ಮೆ ಕನ್ನಡಕ ಸರಿಯಿಲ್ಲವೆಂದು ಎದ್ದೆ. ಹೊಸ ಕನ್ನಡಕ ಬಂದ ಮೇಲೆ ಪೆನ್ನು ಸರಿಯಿಲ್ಲವೆಂದು ಎದ್ದೆ. ಈಗ ಎರಡೂ ಸರಿಯಾಗಿವೆ. ಎಪ್ಪತ್ತು ದಾಟಿ ಕೆಲವು ವರ್ಷಗಳಾದವು, ಎದ್ದುಹೋಗಲು ಮೊಣಕಾಲುಗಳೂ ಒಪ್ಪುತ್ತಿಲ್ಲ. ಹೇಳಿಬಿಡುತ್ತೇನೆ.

ನನ್ನ ಸೋದರಮಾವನಿಗೆ ಫ್ರೆಂಚ್ ಬರುತ್ತಿತ್ತು. ಎಪ್ಪತ್ತರ ದಶಕದ ಹಿರಿಯೂರಿನಲ್ಲಿ, ಇಂಗ್ಲಿಷಿನಲ್ಲಿ ಒಂದು ತಂತಿ ಬಂದರೆ ಓದಿಸಲು ನಾಲ್ಕು ಮನೆ ತಿರುಗುತ್ತಿದ್ದ ಕಾಲದಲ್ಲಿ, ಫ್ರೆಂಚ್! ಆದರೆ ಆ ಭಾಷೆಯಲ್ಲಿ ಅವನಿಗೆ 'ನಮಸ್ಕಾರ' ಬರುತ್ತಿರಲಿಲ್ಲ. 'ಚೆನ್ನಾಗಿದ್ದೀರಾ' ಬರುತ್ತಿರಲಿಲ್ಲ. 'ಊಟವಾಯಿತೇ' ಅಂತೂ ಕೇಳಲೇಬೇಡಿ. ಬರುತ್ತಿದ್ದುದು ಇಷ್ಟೇ: ಹೀಗೆ ಮಾಡಿದರೆ ಬೀಳುತ್ತೀರಿ, ಹಾಗೆ ಮಾಡಿದ್ದಕ್ಕೆ ಒಡೆಯಿತು, ಇದನ್ನು ತಿಂದರೆ ಕೆಡುತ್ತೀರಿ. ಬಹಳ ಸೊಗಸಾದ ಭಾಷೆಯಂತೆ ಅದು. ನಮ್ಮ ಮಾವನ ಬಾಯಲ್ಲಿ ಮಾತ್ರ ಪೊಲೀಸ್ ಠಾಣೆಯ ಅಪಘಾತದ ವರದಿಯ ಹಾಗೆ ಕೇಳುತ್ತಿತ್ತು!

ಅವನ ಹೆಸರು ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ. ಗೊತ್ತಾದವರು ದಯವಿಟ್ಟು ಸುಮ್ಮನಿರಬೇಕು.

ಮಾವ ನನ್ನ ತಾಯಿಯ ಕೊನೆಯ ತಮ್ಮ. ಮದುವೆಯಾಗಿರಲಿಲ್ಲ. ಮಾರಿಕಣಿವೆ ಅಣೆಕಟ್ಟೆಯ ಮೇಲೆ ಬೆಳಿಗ್ಗೆ ಸಂಜೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ವಾಸ ಕಟ್ಟೆಯ ಕೆಳಗಿನ ಕ್ವಾರ್ಟರ್ಸ್‌ನಲ್ಲಿ. ಊಟಕ್ಕೆ ಮತ್ತು ಜಗಳಕ್ಕೆ ಮಾತ್ರ ಹಿರಿಯೂರಿನ ನಮ್ಮ ಮನೆ.

ಈ ಫ್ರೆಂಚ್ ಹುಚ್ಚು ಹಿಡಿದದ್ದು ಒಬ್ಬ ಹೆಂಗಸಿನಿಂದ. ಹುಬ್ಬೇರಿಸಬೇಡಿ, ಆಕೆಗೆ ಅರವತ್ತೈದು ವರ್ಷ. ಕಟ್ಟೆ ನೋಡಲು ಬಂದಿದ್ದ ನಾಲ್ಕೈದು ಮಂದಿ ಫ್ರಾನ್ಸ್ ದೇಶದವರಲ್ಲಿ ಒಬ್ಬಳು. ನೀರಿನ ಕಡೆಗೆ ಇಳಿಯುವ ಮೆಟ್ಟಿಲು ಪಾಚಿ ಕಟ್ಟಿತ್ತು. ಆಕೆ ಇಳಿಯತೊಡಗಿದಳು. ಮಾವ ಮೇಲಿನಿಂದ, "ಅಮ್ಮಾ, ಜಾರ್ತೈತೆ! ಜಾರ್ತೈತೆ!" ಎಂದು ಕೂಗಿದ. ಆಕೆ ನಕ್ಕು ಕೈ ಬೀಸಿದಳು. ಮಾವ ಜಾರಿ ಬೀಳುವುದು ಹೇಗೆಂದು ಅಭಿನಯಿಸಿ ತೋರಿಸಿದ. ಆಕೆ ಅದನ್ನು ನಮ್ಮ ನಾಡಿನ ಯಾವುದೋ ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟಿ, ಇನ್ನೊಂದು ಮೆಟ್ಟಿಲು ಇಳಿದಳು. ಅಷ್ಟೇ. ಮುಂಗೈ ಮುರಿಯಿತು. ಚಿತ್ರದುರ್ಗದ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ದಾರಿಯುದ್ದಕ್ಕೂ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತವನು ನಮ್ಮ ಮಾವನೇ.

ತಿಂಗಳೊಳಗೆ ಪಾಂಡಿಚೇರಿಯಿಂದ, ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ.ಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಮನೆಯಲ್ಲೇ ಫ್ರೆಂಚ್ ಕಲಿಸುವ ಪುಸ್ತಕ. ಒಟ್ಟು ನಲವತ್ತು ಪಾಠಗಳು. ಒಂದನೇ ಪಾಠದಲ್ಲಿ ನಮಸ್ಕಾರ, ಎರಡರಲ್ಲಿ ಯೋಗಕ್ಷೇಮ, ಮೂರರಲ್ಲಿ ಹೂವು ಹಣ್ಣು. ಮಾವ ಅದನ್ನೆಲ್ಲ ಪರಪರ ತಿರುವಿ ನೇರವಾಗಿ ಹದಿನೇಳನೇ ಪಾಠಕ್ಕೆ ಹೋಗಿ ಕುಳಿತ. ಅದರ ತಲೆಬರಹ, 'ಮಾಡಿದ್ದರ ಅಹಿತ ಫಲಗಳನ್ನು ಹೇಳುವ ಬಗೆ.' ಎರಡು ವರ್ಷ ಅಲ್ಲೇ ಕುಳಿತ!

ಅಮ್ಮ ಹೇಳಿ ನೋಡಿದಳು. "ಮೊದ್ಲು ಚೆನ್ನಾಗಿದೀರಾ ಅಂತ ಕೇಳಾದು ಕಲಿಯೋ. ಬಂದವ್ರಿಗೆ ಬಾಯಿ ತೆಗೆದ್ರೆ ಅಪಶಕುನ ನುಡೀತೀಯಾ?"

"ಅಕ್ಕಯ್ಯ, ಚೆನ್ನಾಗಿದೀರಾ ಅಂತ ಕೈ ಮುಗುದ್ರೂ ತಿಳೀತೈತೆ. ಬೀಳ್ತೀಯ ಅಂತ ಹೆಂಗ್ ಹೇಳ್ಲಿ? ಕುಣಿದು ಹೇಳಿದ್ನಲ್ಲ, ಏನಾಯ್ತು?"

ಅಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಅಂದೇ ಆ ಪುಸ್ತಕ ಕಿತ್ತಿಟ್ಟಿದ್ದರೆ ನಮ್ಮ ಮನೆಯ ಹಾಲಾದರೂ ಉಳಿಯುತ್ತಿತ್ತು.

ಯಾಕೆಂದರೆ ಭಾಷೆಗೆ ಅಭ್ಯಾಸ ಬೇಕು. ಅಹಿತ ಫಲಗಳ ಭಾಷೆಗೆ ಅಹಿತವೇ ನಡೆಯಬೇಕು! ಒಂದು ಭಾನುವಾರ ಅಮ್ಮ ಒಲೆಯ ಮೇಲೆ ಹಾಲಿಟ್ಟು, "ನೋಡ್ಕಳಪ್ಪ" ಎಂದು ಹಿತ್ತಿಲಿಗೆ ಹೋದಳು. ಮಾವ ನಿಜವಾಗಿ ನೋಡಿಕೊಂಡ. ಹಾಲು ಕೆನೆಗಟ್ಟಿದ್ದನ್ನು ನೋಡಿದ, ಅಂಚಿಗೆ ಏರಿದ್ದನ್ನು ನೋಡಿದ, ಕೈಯಲ್ಲಿ ಪುಸ್ತಕ ಹಿಡಿದು ಸರಿಯಾದ ಮಾತು ಹುಡುಕಿದ. "ಲ ಲೆ ವಾ ದೆಬೋರ್ದೆ!" ಎಂದು ಜಯಘೋಷ ಮಾಡುವಷ್ಟರಲ್ಲಿ ಹಾಲು ಒಲೆಯೊಳಗಿತ್ತು.

"ಏನಂದ್ಯೋ?" ಎಂದು ಓಡಿಬಂದಳು ಅಮ್ಮ.

"ಹಾಲು ಉಕ್ತೈತೆ ಅಂದೆ."

"ಉಕ್ಕಿ ಆಯ್ತಲ್ಲೋ!"

"ಅದುಕ್ಕೆ ಬೇರೆ ವಾಕ್ಯ ಐತೆ ತಡಿ," ಎಂದು ಹಾಳೆ ತಿರುವತೊಡಗಿದ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಆಗ ಒಂದು ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಮಾವ ಅಲ್ಲಿಗೂ ಬರುತ್ತಿದ್ದ. ಮಂಡಿಯೆಂದರೆ ಆಳೆತ್ತರದ ಕಾಯಿ ರಾಶಿಗಳು. ಲೋಡಿಂಗ್ ನೋಡಿಕೊಳ್ಳುತ್ತಿದ್ದ ಗೌಸ್ ಸಾಬರು ಒಂದು ದಿನ ಬುಡದಲ್ಲಿದ್ದ ದಪ್ಪ ಕಾಯಿಯೊಂದಕ್ಕೆ ಆಸೆಪಟ್ಟು ಕೈಹಾಕಿದರು. ಮಾವ ಎದ್ದುನಿಂತು, ಬೆರಳೆತ್ತಿ, ಗಂಭೀರವಾದ ಒಂದು ಉದ್ದನೆಯ ಫ್ರೆಂಚ್ ವಾಕ್ಯ ಹೇಳಿದ. ಹಮಾಲರು ಚೀಲ ಇಳಿಸಿ ಕೇಳಿದರು. ಗೌಸ್ ಸಾಬರೂ ಕಾಯಿಯನ್ನು ಎಳೆಯುತ್ತಲೇ ಭಕ್ತಿಯಿಂದ ಕೇಳಿದರು. ವಾಕ್ಯ ಮುಗಿಯಿತು, ರಾಶಿ ಕುಸಿಯಿತು!

"ಹೇಳ್ಲಿಲ್ವಾ ನಾನು?" ಎಂದ ಮಾವ.

ಕಾಯಿಗಳ ನಡುವಿನಿಂದ ಗೌಸ್ ಸಾಬರ ದನಿ ಬಂತು. "ಹೇಳಿದ್ರಿ ಸ್ವಾಮಿ. ಖುದಾನಿಗೆ ತಿಳೀತು. ನನಗೆ ತಿಳೀಲಿಲ್ಲ."

ಇಂಥ ಮನುಷ್ಯನನ್ನು ನನಗೆ ಹೆಣ್ಣು ನೋಡಲು ಯಾರಾದರೂ ಕರೆದುಕೊಂಡು ಹೋಗುತ್ತಾರೆಯೇ? ನಾವು ಹೋದೆವು. ಸೋದರಮಾವನನ್ನು ಬಿಟ್ಟು ಹೋದರೆ ನಾಲ್ಕು ಜನ ಏನೆನ್ನುತ್ತಾರೆ ಎಂದು ಅಮ್ಮನಿಗೆ ಚಿಂತೆ. ಹೆಣ್ಣಿನ ಮನೆ ಹೊಳಲ್ಕೆರೆ. ಹೆಣ್ಣಿನ ತಂದೆ ಬಟ್ಟೆ ಅಂಗಡಿಯ ಯಜಮಾನರು, ಮಹಾ ಬಿಗುವಿನ ಮನುಷ್ಯ, ಅದಾಗಲೇ ಮೂವರು ಗಂಡುಗಳನ್ನು ಬೇಡವೆಂದಿದ್ದರು. ಹುಡುಗಿ ನನಗೆ ನೋಡಿದೊಡನೆ ಹಿಡಿಸಿದಳು. ಗಾಬರಿಗೆ ಕೇಸರಿಬಾತು ತಿನ್ನುತ್ತಲೇ ಹೋದೆ. ಮೂರನೇ ಸಲ ಬಡಿಸಲು ಬಂದಾಗ ಪಕ್ಕದಿಂದ ಕೇಳಿಸಿತು, "ಸಿ ತ್ಯು ಮಾಂಜ್ ತ್ರೋ, ತ್ಯು ಸರಾ ಮಲಾದ್."

ಯಜಮಾನರು ಬಟ್ಟಲು ಕೆಳಗಿಟ್ಟರು. "ಅದೇನು ಮಂತ್ರ ಅಂದ್ರಿ?"

"ಮಂತ್ರ ಅಲ್ರಿ, ಫ್ರೆಂಚು. ಇಷ್ಟು ತಿಂದ್ರೆ ಹೊಟ್ಟೆ ಕೆಡ್ತೈತೆ ಅಂದೆ."

"ನಮ್ಮನೆ ಕೇಸರಿಬಾತಾ?"

"ಯಾರ ಮನೇದಾದ್ರೂ," ಎಂದ ಮಾವ, ಸತ್ಯಸಂಧ!

'ಯೋಚನೆ ಮಾಡಿ ಕಾಗದ ಬರೀತೀವಿ' ಎಂದರು ಯಜಮಾನರು. ಹೆಣ್ಣಿನ ಕಡೆಯವರ ಈ ಮಾತಿನ ಅರ್ಥ ನಿಮಗೆ ಗೊತ್ತಲ್ಲ? ಎರಡು ತಿಂಗಳಾದರೂ ಕಾಗದ ಬರಲಿಲ್ಲ. ನಾನು ಮಾವನ ಮುಖ ನೋಡುವುದನ್ನೇ ಬಿಟ್ಟೆ. ಅವನು ಮನೆಗೆ ಬಂದರೆ ನಾನು ಹಿತ್ತಿಲ ಬಾಗಿಲಿನಿಂದ ಹೊರಗೆ.

ಆಗಲೇ ಮಾವ ಹಾಕಿದ್ದ ಅರ್ಜಿಯೊಂದಕ್ಕೆ ಕಾಗದ ಬಂತು. ಪರದೇಶದ ಪ್ರವಾಸಿಗರಿಗೆ ಕೋಟೆ, ಕಟ್ಟೆ ತೋರಿಸುವ ಗೈಡುಗಳ ಆಯ್ಕೆ, ಬೆಂಗಳೂರಿನಲ್ಲಿ ಸಂದರ್ಶನ, ಬೆಳಿಗ್ಗೆ ಹನ್ನೊಂದಕ್ಕೆ. ಪರಭಾಷೆ ಬಲ್ಲವರಿಗೆ ಆದ್ಯತೆ. ನಲವತ್ತು ದಾಟಿದವರಿಗೆ ಅವಕಾಶವಿಲ್ಲ. ಮಾವನಿಗೆ ಮುಂದಿನ ತಿಂಗಳು ನಲವತ್ತು. ಅವನು ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ತಿರುಗಿದ. ಅಷ್ಟೇ ಅಲ್ಲ, ಮೊದಲ ಸಲ ಒಂದನೇ ಪಾಠ ತೆಗೆದು ನಮಸ್ಕಾರ ಕಲಿತ! "ಇಪ್ಪತ್ತು ವರ್ಷ ನೀರು ನೋಡಿದ್ದಾಯ್ತು ಅಕ್ಕಯ್ಯ, ಇನ್ಮೇಲೆ ಜನರ ಮುಖ ನೋಡ್ತೀನಿ," ಎಂದ. ಹಿಂದಿನ ದಿನವೇ ಹೋಗೋ ಎಂದರೆ ಕೇಳಲಿಲ್ಲ. ಸಂಜೆಯ ಮಟ್ಟ ತಾನೇ ಬರೆಯಬೇಕು. ಬರೆದು, ಕೊನೆಯ ಬಸ್ಸಿಗೆ ನಮ್ಮ ಮನೆಗೆ ಬಂದು, ಬೆಳಿಗ್ಗೆ ಆರರ ಬಸ್ಸು ಹಿಡಿಯುವುದೆಂದು ತೀರ್ಮಾನವಾಯಿತು.

ಆರರ ಬಸ್ಸು ದಾವಣಗೆರೆ ಕಡೆಯಿಂದಲೇ ತುಂಬಿ ಬರುತ್ತಿತ್ತು. ನಮ್ಮಲ್ಲಿ ಇಳಿಯುವವರು ಇಬ್ಬರೋ ಮೂವರೋ. ಆ ಸೀಟಿಗಾಗಿ ಬಸ್ಸು ನಿಲ್ಲುವ ಮೊದಲೇ ಪಕ್ಕದಲ್ಲಿ ಓಡುತ್ತ ಕಿಟಕಿಯಿಂದ ಟವೆಲ್ ಎಸೆಯಬೇಕು. ಟವೆಲ್ ಬಿದ್ದರೆ ಮುಗಿಯಿತು. ಆಮೇಲೆ ಅಮಲ್ದಾರರು ಬಂದರೂ ಆ ಸೀಟು ಟವೆಲಿನವನದೇ. ಈ ವಿದ್ಯೆಯಲ್ಲಿ ಹಿರಿಯೂರಿಗೆ ನಾನೇ ಮೊದಲಿಗ. ಅಮ್ಮ ಗೋಗರೆದಿದ್ದರಿಂದ ಮಾವನಿಗೆ ಸೀಟು ಹಿಡಿಯಲು ಹೋದೆ. ಓಡಿದೆ, ಎಸೆದೆ, ಬಿತ್ತು.

ಹಿಂದಿನಿಂದ ಯಾರೋ ಬೆನ್ನು ತಟ್ಟಿದರು. ತಿರುಗಿದರೆ ಹೊಳಲ್ಕೆರೆಯ ಯಜಮಾನರು! ಬಟ್ಟೆ ಖರೀದಿಗೆ ಬೆಂಗಳೂರಿಗೆ ಹೊರಟವರು, ರಾತ್ರಿ ಹಿರಿಯೂರಿನ ನೆಂಟರಲ್ಲಿ ಉಳಿದಿದ್ದರಂತೆ. "ಏನಪ್ಪ, ನನ್ನ ನೋಡಿ ಸೀಟು ಹಿಡಿದ್ಯಾ? ಭೇಷ್!"

ನಾನು ಇಲ್ಲ ಎನ್ನಬೇಕಿತ್ತು. ಹುಡುಗಿಯ ಮುಖ ಕಣ್ಣ ಮುಂದೆ ಬಂತು. "ಹೌದ್ರಿ, ನಿಮಗೇ ಹಿಡಿದೆ. ಕುಂತ್ಕಳ್ರಿ," ಎಂದೆ.

ಎರಡು ಹೆಜ್ಜೆ ಹಿಂದೆ ಮಾವ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಪುಸ್ತಕ. ದಾರಿಯಲ್ಲಿ ತಪಾಸಣೆಯಿದೆ, ನಿಲ್ಲುವವರನ್ನು ಹತ್ತಿಸುವುದಿಲ್ಲ ಎಂದು ಕಂಡಕ್ಟರ್ ಆಗಲೇ ಕೂಗಿಯಾಗಿತ್ತು.

"ಲೇ..." ಎಂದ ಮಾವ.

"ಹಿಂದೆ ಇನ್ನೊಂದು ಐತೆ ಮಾವ. ಎಕ್ಸ್‌ಪ್ರೆಸ್ಸು. ಇದಕ್ಕಿಂತ ಮೊದ್ಲೇ ಮುಟ್ತೀಯ." ಎಕ್ಸ್‌ಪ್ರೆಸ್ಸು ಇರಲಿಲ್ಲ. ಇದ್ದದ್ದು ಮರಮರಕ್ಕೂ ನಿಲ್ಲುವ ಏಳೂವರೆಯ ಬಸ್ಸು. ಅದು ನನಗೂ ಗೊತ್ತಿತ್ತು, ಅದೇ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಹತ್ತಿ ಇಳಿದ ಅವನಿಗೂ ಗೊತ್ತಿತ್ತು. ಅವನು ನನ್ನನ್ನು ನೋಡಿದ, ಯಜಮಾನರನ್ನು ನೋಡಿದ. ಆಮೇಲೆ ಅವರ ಕೈಚೀಲ ಇಸಿದುಕೊಂಡು, "ಹತ್ರಿ ಯಜಮಾನ್ರೇ, ಮೆಟ್ಲು ಎತ್ರ ಐತೆ, ನಿಧಾನ," ಎಂದು ತಾನೇ ಹತ್ತಿಸಿದ.

ಏಳೂವರೆಯ ಬಸ್ಸು ಎಂಟೂಕಾಲಕ್ಕೆ ಬಂತು. ಶಿರಾ ದಾಟಿದ ಮೇಲೆ ಕೆಟ್ಟು ನಿಂತಿತು. ಮಾವ ಸಂದರ್ಶನದ ಕೋಣೆ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ, ಬಾಗಿಲಿಗೆ ಬೀಗ.

ರಾತ್ರಿ ಮನೆಗೆ ಬಂದವನನ್ನು ಅಮ್ಮ ಕೇಳಿದಳು. "ಬಸ್ಸು ಕೆಡ್ತು ಅಕ್ಕಯ್ಯ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ವಾರದೊಳಗೆ ಹೊಳಲ್ಕೆರೆಯಿಂದ ಕಾಗದ ಬಂತು. ಹಿರಿಯರಿಗೆ ಸೀಟು ಹಿಡಿದುಕೊಡುವ ಹುಡುಗ, ಇಂಥ ಗುಣ ಈ ಕಾಲದಲ್ಲಿ ಎಲ್ಲಿದೆ ಎಂದು ಬರೆದಿದ್ದರು! ನನ್ನ ಮದುವೆಯಾಯಿತು. ಮಾವ ಮೂರು ದಿನ ಓಡಾಡಿ ಬಡಿಸಿದ. ಅವನು ಪಂಕ್ತಿಯಲ್ಲಿ ನನ್ನ ಎಲೆಯ ಮುಂದೆ ಬಂದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಈಗ ಹೇಳುತ್ತಾನೆ ಎಂದುಕೊಳ್ಳುತ್ತಿದ್ದೆ, ಆ ಹಾಳು ಹದಿನೇಳನೇ ಪಾಠದಿಂದ ಒಂದು ವಾಕ್ಯ, ನೀನು ಮಾಡಿದ್ದರಿಂದ ನನಗೆ ಹೀಗಾಯಿತು ಎಂದು. ಫ್ರೆಂಚಿನಲ್ಲಾದರೂ ಹೇಳಲಿ, ನನಗೆ ಅರ್ಥವಾಗುವುದಿಲ್ಲವಲ್ಲ! ಅವನು ಒಂದು ಹೋಳಿಗೆ ಹೆಚ್ಚಿಗೆ ಹಾಕಿ ಮುಂದೆ ಹೋಗುತ್ತಿದ್ದ. ಹಾಲಿಗೆ ಹೇಳಿದ, ಕಾಯಿ ರಾಶಿಗೆ ಹೇಳಿದ, ಬೀಗರ ಕೇಸರಿಬಾತಿಗೆ ಹೇಳಿದ. ನನಗೊಬ್ಬನಿಗೆ ಹೇಳಲಿಲ್ಲ, ಅಂದೂ ಇಲ್ಲ, ಮುಂದೆ ಇಪ್ಪತ್ತೆರಡು ವರ್ಷವೂ ಇಲ್ಲ.

ಕೊನೆಗಾಲದಲ್ಲಿ ಅವನು ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದ. ಈ ಸಲ ಕ್ಷಮೆ ಕೇಳಿಯೇಬಿಡುತ್ತೇನೆಂದು ಹೋದೆ. ಪಕ್ಕದ ಹಾಸಿಗೆಯ ಶ್ರೀರಾಂಪುರದ ರೈತನೊಬ್ಬನಿಗೆ, ಅವನ ಮಗ ಹುಟ್ಟಿದ ವರ್ಷ ಯಾವ ತಿಂಗಳು ಕಟ್ಟೆಯಲ್ಲಿ ಎಷ್ಟು ಅಡಿ ಎಷ್ಟು ಅಂಗುಲ ನೀರಿತ್ತೆಂದು ಮಾವ ಕಣ್ಣುಮುಚ್ಚಿಕೊಂಡೇ ಒಪ್ಪಿಸುತ್ತಿದ್ದ. ನನ್ನನ್ನು ಕಂಡು ಕೇಳಿದ, "ಬಾರಲೇ. ನಮ್ಮ ಸೊಸೆ ಹೆಂಗವಳೆ?"

"ಚೆನ್ನಾಗವಳೆ ಮಾವ."

"ನಿನ್ಗೆ ಬೈತಾಳಾ?"

"ದಿನಾ."

"ಹಂಗಾರೆ ಸರಿ ಐತೆ ಬಿಡು," ಎಂದು ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ನೀರು ಕುಡಿಸಿದೆ. ಲೋಟ ಕೆಳಗಿಟ್ಟು, ನೆಲ ನೋಡುತ್ತ, "ಮಾವ, ಆವತ್ತು ಬಸ್ ಸ್ಟ್ಯಾಂಡಿನಾಗೆ..." ಎಂದೆ.

"ಯಾವ ಬಸ್ ಸ್ಟ್ಯಾಂಡಲೇ?" ಎಂದ, ನನ್ನ ಮಾತು ಮುಗಿಯಗೊಡದೆ. "ನನಗೆ ಒಂದೂ ನೆನಪಿಲ್ಲ ನೋಡು."

ನಾನು ಅಲ್ಲಿಗೆ ಬಿಟ್ಟೆ. ಬಿಡಬಾರದಿತ್ತು. ನೆನಪಿಲ್ಲದಿದ್ದರೆ ನೆನಪಿಸಿ ಕೇಳಬೇಕಿತ್ತು. ಬಿಟ್ಟೆ, ಹಾಯೆನಿಸಿತು, ಹೊರಗೆ ಬಂದು ಚಹಾ ಕುಡಿದೆ. ನಾಲ್ಕನೇ ದಿನ ಅವನು ಹೋದ.

ನಾನು ಏನು ಬರೆದರೂ ಮೊದಲು ಓದುವವಳು ನನ್ನ ಹೆಂಡತಿ. ಅವಳ ಅಪ್ಪ ಅಂದು ಕುಳಿತು ಹೋದದ್ದು ಯಾರ ಜಾಗದಲ್ಲಿ ಎಂದು ಅವಳಿಗೆ ಈವರೆಗೆ ಗೊತ್ತಿಲ್ಲ. ಈಗ ಒಳಗೆ ಅಕ್ಕಿ ಆರಿಸುತ್ತಿದ್ದಾಳೆ. ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಅಲ್ಲೇ ಎದುರಿಗೆ ಕುಳಿತಿರುತ್ತೇನೆ.