ಪಿಂಟೊನಿಗೆ ಗೊತ್ತಿದ್ದ ಒಂದೇ ಕುದುರೆ

ಅಡ್ಡಹೆಸರು ಮಾಡುವ ಕಿತಾಪತಿ ಒಂದೆರಡಲ್ಲ. ಪಿಂಟೊ ಎಂಬ ಹೆಸರು ಹೊತ್ತವನಿಗೆ ಪೋರ್ಚುಗೀಸ್ ಬರಲೇಬೇಕೆಂದು ಜಗತ್ತು ತೀರ್ಮಾನಿಸಿಬಿಟ್ಟಿದೆ. ನಾನು ಮಂಗಳೂರಿನವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನು ಮಾರ್ಕೆಟ್ಟಿನಲ್ಲಿ ತುಳು. ಪೋರ್ಚುಗೀಸರು ನಮಗೆ ಹೆಸರು ಕೊಟ್ಟು, ಭಾಷೆಯನ್ನು ಜತೆಗೇ ಒಯ್ದರು. ಆದರೆ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಯಾರಾದರೂ ಕೇಳಿದರೆ ಮುಗುಳ್ನಕ್ಕು, "ಸ್ವಲ್ಪ ಸ್ವಲ್ಪ" ಎಂದುಬಿಡುತ್ತೇನೆ.

ಹೋದ ತಿಂಗಳು ಕೊಲ್ಲಿ ದೇಶದ ಶುವೈಖ್‌ನಲ್ಲಿರುವ ನಮ್ಮ ಕಚೇರಿಗೆ ಲಿಸ್ಬನ್ನಿನಿಂದ ಅಲ್ಮೇಡಾ ಎಂಬ ಎಂಜಿನಿಯರ್ ಬಂದರು. ನಮ್ಮ ಯಜಮಾನರಾದ ಮುದೀರ್ ನನ್ನನ್ನು ಕರೆದು, "ಪಿಂಟೊ, ಅವರ ಭಾಷೆ ಬಲ್ಲವನು ನೀನೊಬ್ಬನೇ. ನಾಳೆ ಅವರ ಜತೆ ಮಾತಾಡು. ಸೂಪರ್‌ವೈಸರ್ ಕುರ್ಚಿ ನಿನಗೇ. ಖಲಾಸ್" ಎಂದರು. ಆ ಕುರ್ಚಿಯ ಮೇಲೆ ನಾನು ಕಣ್ಣಿಟ್ಟು ಹನ್ನೊಂದು ವರ್ಷವಾಗಿತ್ತು.

ಅಲ್ಮೇಡಾರ ಮೇಜಿನ ಮೇಲೆ ಒಂದು ಬಿಳಿ ಕುದುರೆಯ ಫೋಟೊ ಇತ್ತು. ಸರಿ, ಕುದುರೆಯನ್ನೇ ಹಿಡಿದೆ. ಫರ್ವಾನಿಯಾದ ಫ್ಲ್ಯಾಟಿನಲ್ಲಿ ಸಂಜೆಯಿಡೀ ಮೊಬೈಲಿನಲ್ಲಿ ಮುಖ ಹುದುಗಿಸಿ ಓದಿದೆ. ಪೋರ್ಚುಗೀಸಿನಲ್ಲಿ ಕುದುರೆ ಎಂದರೆ 'ಕವಾಲು'. ಲ್ಯಾಟಿನ್ನಿನಲ್ಲಿ ದೊಡ್ಡವರ ಕುದುರೆಗೆ 'ಎಕ್ವುಸ್' ಎಂಬ ಗೌರವದ ಪದವಿತ್ತು. ಹೊರೆ ಹೊರುವ ಬಡಕಲು ಕುದುರೆಗೆ 'ಕಬಾಲುಸ್'. ಕಾಲ ಕಳೆದಂತೆ ಬಡಕಲೇ ಗೆದ್ದು ಕವಾಲು ಆಯಿತು. ದೊಡ್ಡವರ ಪದ ಹೆಣ್ಣು ಕುದುರೆಯ ಹೆಸರಿನಲ್ಲಿ ಮಾತ್ರ ಉಳಿಯಿತು. ಚದುರಂಗದ ಕುದುರೆಯೂ ಕವಾಲು. ಇನ್ನು 'ಕವಾಲಾ' ಎಂದರೆ ನಮ್ಮ ಬಂಗುಡೆಯ ಜಾತಿಯ ಮೀನು. ಸಂಭ್ರಮ ತಡೆಯದೆ ಇದನ್ನೆಲ್ಲ ಹೆಂಡತಿ ಗ್ರೇಸಿಗೆ ವಿವರಿಸಿದೆ.

"ಕುದುರೆ ಅಲ್ಲೇ ಇರ್ಲಿ ಮಾರಾಯ್ರೇ, ಈ ಬಂಗುಡೆ ಒಮ್ಮೆ ಕ್ಲೀನ್ ಮಾಡಿ ಕೊಡಿ" ಎಂದಳು. "ಮತ್ತೆ, ಅವ್ರು ಕುದುರೆ ಬಿಟ್ಟು ಬೇರೆ ಎಂತಾದ್ರೂ ಕೇಳಿದ್ರೆ?"

ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ.

ಮರುದಿನ ಫೋಟೊ ತೋರಿಸಿ, ಗಂಭೀರವಾಗಿ "ಕವಾಲು" ಎಂದೆ. ಅಲ್ಮೇಡಾರ ಮುಖ ಅರಳಿತು. ಐದು ನಿಮಿಷ ಪೋರ್ಚುಗೀಸ್ ಧಾರಾಕಾರವಾಗಿ ಸುರಿಯಿತು. ನಾನು ತಲೆಯಾಡಿಸಿದೆ. ಕೊನೆಗೆ ಅವರು ಏನೋ ಕೇಳಿ ಉತ್ತರಕ್ಕಾಗಿ ಕಾದು ನಿಂತರು. ನಾಚಿಕೆಯಿಂದ ಇಂಗ್ಲಿಷಿನಲ್ಲಿ, "ಸರ್, ನನಗೆ ಗೊತ್ತಿರುವುದು ಇದೊಂದೇ ಪದ" ಎಂದು ಒಪ್ಪಿಕೊಂಡೆ.

ಅವರು ಎದ್ದು ಗಾಜಿನ ಬಾಗಿಲು ಮುಚ್ಚಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. "ಅಲ್ಮೇಡಾ ಅನ್ನೋದು ಮೂಲದಲ್ಲಿ ಅರಬಿ ಹೆಸರಂತೆ" ಎಂದರು ಮೆಲ್ಲಗೆ. "ಸಂದರ್ಶನದಲ್ಲಿ ಜಂಬದಿಂದ ಹೇಳಿಬಿಟ್ಟೆ. ಅಂದಿನಿಂದ ಮುದೀರ್ ಅರಬಿ ಕಾಗದಗಳನ್ನೆಲ್ಲ ನನಗೇ ಕಳಿಸ್ತಾರೆ. ನನಗೆ ಬರೋದು 'ಹಿಸಾನ್' ಒಂದೇ."

"ಹಾಗೆಂದರೆ?"

"ಕುದುರೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಾಜಿನಾಚೆ ನಿಂತು ನೋಡಿದ ಮುದೀರ್‌ಗೆ ಪರಮಾನಂದವಾಯಿತು. ಮಧ್ಯಾಹ್ನಕ್ಕೇ ನನ್ನ ಬಡ್ತಿಯ ಆದೇಶಕ್ಕೆ ಸಹಿ ಬಿತ್ತು. ಕಚೇರಿಯವರೆಲ್ಲ ಸುತ್ತುವರಿದು, "ಅಷ್ಟು ಚೆನ್ನಾಗಿ ಪೋರ್ಚುಗೀಸ್ ಬರುತ್ತಾ ನಿಮಗೆ?" ಎಂದು ಕೇಳಿದರು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸ ಕುರ್ಚಿಗೆ ಬೆನ್ನು ಒರಗಿಸಿ, "ಸ್ವಲ್ಪ ಸ್ವಲ್ಪ" ಎಂದೆ.