ರೈಟರ ವೈರ್‌ಲೆಸ್ಸು

ಮನೆಯಲ್ಲಿ ರೇಡಿಯೊ ಇಟ್ಟುಕೊಂಡು ಕೇಳುವವನು ಊರಿಗೆ ಅರ್ಥವಾಗುತ್ತಾನೆ. ಅದಕ್ಕೆ ತಿರುಗಿ ಉತ್ತರ ಕೊಡುವವನು ಅರ್ಥವಾಗುವುದಿಲ್ಲ. ಅಂಥವನ ಸುತ್ತ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ನಾಪೋಕ್ಲು ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ಕೆಲಸ ಆಳುಗಳ ಹಾಜರಿ ಬರೆಯುವುದು. ಹುಚ್ಚು, ನಾನೇ ಜೋಡಿಸಿದ ವೈರ್‌ಲೆಸ್ಸಿನಲ್ಲಿ ದೂರದೂರಿನವರ ಜೊತೆ ಮಾತಾಡುವುದು. ಸಂಬಳವಿಲ್ಲದ ಈ ಕೆಲಸಕ್ಕೆ ಸರ್ಕಾರ ಲೈಸೆನ್ಸ್ ಬೇರೆ ಯಾಕೆ ಕೊಡುತ್ತದೆ ಎಂಬುದು ನನ್ನ ಹೆಂಡತಿಗೆ ಕೊನೆಯವರೆಗೂ ತಿಳಿಯಲಿಲ್ಲ.

ನಿಲ್ಲುವುದೋ ಹೋಗುವುದೋ

ಆ ಲೈಸೆನ್ಸ್ ಸಿಗಬೇಕಾದರೆ ಮೋರ್ಸ್ ಪರೀಕ್ಷೆ ಪಾಸಾಗಬೇಕಿತ್ತು. ತಂತಿ ಆಫೀಸಿನವರ ಕಟಕಟ ಭಾಷೆ ಅದು. ಪರೀಕ್ಷೆ ಹತ್ತಿರ ಬಂದಾಗ ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ. ಒಂದು ದಿನ ಮಡಿಕೇರಿ ಬಸ್ಸಿನಲ್ಲಿ ಕೂತು, ಕೈಯಲ್ಲಿದ್ದ ನಾಣ್ಯದಿಂದ ಪಕ್ಕದ ತಗಡಿಗೆ ಕುಟ್ಟುತ್ತಾ ಅಭ್ಯಾಸ ಶುರು ಮಾಡಿದೆ.

ಆಗಿನ ಬಸ್ಸಿನಲ್ಲಿ ಕಂಡಕ್ಟರ್ ತಗಡಿಗೆ ಒಂದು ಸಲ ತಟ್ಟಿದರೆ ನಿಲ್ಲಿಸಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು. ಬಸ್ಸು ನಿಂತಿತು. ಹೊರಟಿತು. ಮತ್ತೆ ನಿಂತಿತು. ಕೋಳಿ ಹಿಡಿದುಕೊಂಡಿದ್ದ ಅಜ್ಜಿಯೊಬ್ಬರು ತಮ್ಮ ಊರು ಬಂತೆಂದು ಇಳಿದು, ಅಲ್ಲವೆಂದು ಮತ್ತೆ ಹತ್ತಿದರು. ಇವತ್ತು ಇಂಜಿನ್ ಯಾಕೋ ಸರಿಯಿಲ್ಲ ಅಂದುಕೊಂಡು ನಾನು ಕುಟ್ಟುತ್ತಲೇ ಇದ್ದೆ.

ಡ್ರೈವರ್ ಹಿಂದೆ ತಿರುಗಿ, "ನಿಲ್ಲಿಸಬೇಕಾ, ಹೋಗಬೇಕಾ? ಯಾವುದಾದರೂ ಒಂದು ಹೇಳು ಮಾರಾಯ" ಎಂದ.

"ನಾನು ತಟ್ಟಲೇ ಇಲ್ಲ" ಎಂದ ಕಂಡಕ್ಟರ್. ಇಬ್ಬರಿಗೂ ಜಗಳವೇ ಆಯಿತು. ಕೊನೆಗೆ ಕಂಡಕ್ಟರನ ಕಣ್ಣು ನನ್ನ ಕೈಯ ಮೇಲೆ ಬಿತ್ತು.

"ರೈಟ್ರೇ, ನಿಮಗೆ ಎಲ್ಲಿ ಇಳೀಬೇಕು ಹೇಳಿ, ಮನೆ ಬಾಗಿಲಿಗೇ ಬಿಡ್ತೇವೆ. ಕೈ ಮಾತ್ರ ಜೇಬಲ್ಲಿ ಇಟ್ಕೊಳ್ಳಿ."

ದಫೇದಾರರ ವಿಚಾರಣೆ

ನಾನು ಹೊರದೇಶದವರ ಜೊತೆ ಮಾತಾಡುತ್ತೇನೆಂದು ಯಾರೋ ಠಾಣೆಗೆ ಹೇಳಿದರು. ದಫೇದಾರರು ಬಂದರು. ನನಗೆ ಎಸ್ಟೇಟಿನ ದೊರೆಗೆ ಗೊತ್ತಾದರೆ ನೌಕರಿಯೇ ಹೋಗುವ ಭಯ. ಲೈಸೆನ್ಸ್ ತೋರಿಸಿದೆ. ಅವರು ಅದನ್ನು ಓದಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ಸಿಲೋನಿಗೆ ಮಾತಾಡ್ತೀರಾ?"

"ಒಮ್ಮೊಮ್ಮೆ ಅಲ್ಲಿಯವರು ಸಿಗ್ತಾರೆ" ಎಂದೆ.

"ನೋಡಿ, ನಮ್ಮ ಮನೆಯವಳು ಒಂದು ಹಾಡು ಹಾಕಿ ಅಂತ ಸಿಲೋನ್ ರೇಡಿಯೊದವರಿಗೆ ಬರೆದು ಬರೆದು ಸಾಕಾಗಿದ್ದಾಳೆ. ಒಂದು ಸಲವೂ ಹಾಕಿಲ್ಲ. ನೀವು ಸ್ವಲ್ಪ ಕೇಳಿ."

ಆ ರೇಡಿಯೊ ಬೇರೆ, ಇದು ಬೇರೆ ಎಂದು ನಾನು ಎಷ್ಟು ವಿವರಿಸಿದರೂ ಅವರ ತಲೆಗೆ ಅದು ಹೋಗಲಿಲ್ಲ. ಎದ್ದು ಟೋಪಿ ಹಾಕಿಕೊಂಡು ಹೇಳಿದರು:

"ಸುಮ್ಮನೆ ಕೇಳಿದರೆ ಹಾಕಲ್ಲ ಅವರು. ಸ್ಟೇಷನ್ನಿನಿಂದ ವಿಚಾರಣೆ ಬಂದಿದೆ ಅಂತ ಹೇಳಿ."

ಯಾರೂ ಬರೆಯದ ಬಲ್ಬು

ಈ ಹುಚ್ಚಿನವರು ನಾವು ಮೂವರು: ನಾನು, ಕುಶಾಲನಗರದಲ್ಲಿ ರೇಡಿಯೊ ರಿಪೇರಿ ಮಾಡುವ ಗೆಳೆಯ, ಪೊನ್ನಂಪೇಟೆಯ ಸೈನ್ಸ್ ಮೇಷ್ಟ್ರು. ನಮ್ಮಲ್ಲೊಂದು ನೇಮವಿತ್ತು. ಹೊಸ ಸೆಟ್ಟಿನ ನಕ್ಷೆ ಬರೆದವನು ಅದನ್ನು ಬಚ್ಚಿಡಬಾರದು, ಕೇಳಿದವರಿಗೆಲ್ಲ ಕೊಡಬೇಕು. ತೆಗೆದುಕೊಂಡವನು ಏನಾದರೂ ಸುಧಾರಿಸಿದರೆ ಅದನ್ನೂ ಎಲ್ಲರಿಗೆ ಹಂಚಬೇಕು.

ಮೇಷ್ಟ್ರು ಒಂದು ನಕ್ಷೆ ಕೊಟ್ಟರು. ಏರಿಯಲ್ ತಂತಿಯ ಮೇಲೆ ಒಂದು ದುಂಡು ಗುರುತಿತ್ತು. ಏನೆಂದು ಗೊತ್ತಾಗದೆ, ಬಲ್ಬೇ ಇರಬೇಕೆಂದು ನಾನು ನಕಲು ಮಾಡುವಾಗ ಬಲ್ಬಿನ ಚಿಹ್ನೆ ಹಾಕಿದೆ. ಕುಶಾಲನಗರದ ಗೆಳೆಯ ಅದು ಟಾರ್ಚಿನ ಬಲ್ಬು ಎಂದು ತೀರ್ಮಾನಿಸಿ ಪಕ್ಕದಲ್ಲಿ ಬರೆದ. ಇಬ್ಬರೂ ಸೆಟ್ಟು ಕಟ್ಟಿದೆವು. ಮಾತಾಡಿದಾಗಲೆಲ್ಲ ಬಲ್ಬು ಮಿನುಗುತ್ತಿತ್ತು. ಏರಿಯಲ್ಲಿಗೆ ಶಕ್ತಿ ಹೋಗುತ್ತಿದೆಯೋ ಇಲ್ಲವೋ ಎಂದು ಅದರಿಂದಲೇ ತಿಳಿಯುತ್ತಿತ್ತು. ಮೇಷ್ಟ್ರ ಬುದ್ಧಿಯನ್ನು ಇಬ್ಬರೂ ಹೊಗಳಿದ್ದೇ ಹೊಗಳಿದ್ದು.

ಮೇಷ್ಟ್ರು ಬಂದು ನೋಡಿ, "ಈ ಬಲ್ಬು ಯಾಕೆ?" ಎಂದರು.

"ನಿಮ್ಮ ನಕ್ಷೆಯಲ್ಲೇ ಇದೆಯಲ್ಲ ಮೇಷ್ಟ್ರೇ."

ಅವರು ತಮ್ಮ ಮೂಲ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಕಾಫಿ ಬಿದ್ದ ಕಲೆ" ಎಂದರು.

ನಾನು ಸೆಟ್ಟಿನಲ್ಲಿ ಎರಡು ಮಾತಾಡಿ ತೋರಿಸಿದೆ. ಮೇಷ್ಟ್ರು ಮಿನುಗುವ ಬಲ್ಬನ್ನು ಬಹಳ ಹೊತ್ತು ನೋಡಿ, ತಮ್ಮ ಸೆಟ್ಟಿಗೂ ಒಂದು ಹಾಕಿಸಿಕೊಂಡರು. ಆಮೇಲೆ ಅವರು ನಕ್ಷೆ ಬರೆಯುವಾಗಲೆಲ್ಲ ಪಕ್ಕದಲ್ಲಿ ತಪ್ಪದೆ ಒಂದು ಲೋಟ ಕಾಫಿ ಇರುತ್ತಿತ್ತು.

ಚಪ್ಪರದಲ್ಲಿ ಕೇಳಿದ ದನಿ

ಪಕ್ಕದ ಮನೆ ಗುಮಾಸ್ತರ ಮಗಳ ಮದುವೆ. ಪುರೋಹಿತರು ಪರವೂರಿನವರು, ವಯಸ್ಸಾದವರು. ಬಾಡಿಗೆಗೆ ತಂದ ಮೈಕನ್ನು ಅವರ ಮುಂದೆ ಇಟ್ಟಿದ್ದರು. ಊಟದ ಹೊತ್ತಿಗೆ ಹೋದರಾಯಿತೆಂದು ನಾನು ಮನೆಯಲ್ಲೇ ಕೂತು ಪೊನ್ನಂಪೇಟೆಯ ಮೇಷ್ಟ್ರ ಜೊತೆ ಮಾತಾಡುತ್ತಿದ್ದೆ. ನನ್ನ ಸೆಟ್ಟಿನ ಮಾತು ಅವರ ಲೌಡ್‌ಸ್ಪೀಕರಿಗೆ ನುಗ್ಗುತ್ತಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಪುರೋಹಿತರು ಸಂಕಲ್ಪ ಹೇಳಿ ಮುಗಿಸಿದರು. ಮೇಲಿನಿಂದ ಗೊಗ್ಗರು ದನಿ ಬಂತು: "ಸರಿಯಾಗಿ ಬರಲಿಲ್ಲ. ಮೊದಲಿಂದ ಹೇಳಿ."

ಅವರು ಒಂದು ಕ್ಷಣ ತಡೆದು, ಮೊದಲಿಂದ ಹೇಳಿದರು.

"ಈಗ ಪರವಾಗಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿ" ಎಂದಿತು ದನಿ.

ಗುಮಾಸ್ತರು ಕೈ ಹಿಸುಕಿಕೊಂಡರು. "ಮುಹೂರ್ತ ಮೀರುತ್ತೆ ಸ್ವಾಮಿ, ಮುಂದೆ ಹೋಗಿ."

"ಹಿರಿಯರು ಹೇಳ್ತಿರುವಾಗ ಮುಂದೆ ಹೋಗೋದು ಹೇಗೆ?" ಎಂದು ಪುರೋಹಿತರು ನಿಧಾನವಾಗಿ ಮತ್ತೆ ಶುರು ಮಾಡಿದರು. ಮೈಕಿನವನು ತಂತಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದ.

ಅಷ್ಟರಲ್ಲಿ ದನಿ "ಓವರ್" ಎಂದಿತು. ವೈರ್‌ಲೆಸ್ಸಿನಲ್ಲಿ ತನ್ನ ಮಾತು ಮುಗಿಯಿತೆಂದು ಹೇಳುವ ಆ ಪದ ಆಡುವವನು ಊರಲ್ಲಿ ಒಬ್ಬನೇ ಎಂದು ಚಪ್ಪರದಲ್ಲಿದ್ದ ನನ್ನ ಹೆಂಡತಿಗೆ ಗೊತ್ತು. ಸೀರೆ ಎತ್ತಿಕಟ್ಟಿ ಓಡಿ ಬಂದಳು.

"ರೀ, ನಿಮ್ಮ ಬಾಯಿ ಮದುವೆ ಮನೇಲಿದೆ. ಮೊದಲು ಮುಚ್ಚಿ."

ಮುಚ್ಚಿದೆ. ಮುಹೂರ್ತ ಮೀರುವ ಮೊದಲೇ ಹುಡುಗಿಯ ಕೊರಳಿಗೆ ತಾಳಿ ಬಿತ್ತು. ಊಟಕ್ಕೆ ಹೋದವನು ತಲೆ ತಗ್ಗಿಸಿ ಉಂಡೆ. ಕೈ ತೊಳೆಯುವಲ್ಲಿ ಪುರೋಹಿತರು ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಅವರು ಯಾರೋ ಗೊತ್ತಿಲ್ಲ, ಮಹಾ ವೈದಿಕರೇ ಇರಬೇಕು. ಮೊದಲನೇ ಸಲ ನಾನು ಹುಡುಗನ ಗೋತ್ರದ ಬದಲು ನನ್ನ ಗೋತ್ರ ಹೇಳಿಬಿಟ್ಟಿದ್ದೆ. ಇಡೀ ಚಪ್ಪರದಲ್ಲಿ ಅವರೊಬ್ಬರೇ ಗಮನಿಸಿದ್ದು."